ಬೀಗದ ಮುಚ್ಚಳ

ಕಿರುಗಾವಲು ದಾಟಿ ಎರಡನೇ ಮೈಲಿಗೆ
ಮೂರನೇ ಸಲ ನಿಂತಿತು ಲಾರಿ.
ಕೆಮ್ಮಲಿಲ್ಲ, ಕರಿಹೊಗೆ ಉಗುಳಲಿಲ್ಲ,
ಮಾತಾಡುತ್ತಲೇ ನಿದ್ದೆಗೆ ಜಾರಿದವನ ಹಾಗೆ
ದನಿ ಸಣ್ಣಗಾಗಿ, ಸಣ್ಣಗಾಗಿ.

ಬೆನ್ನಿಗೆ ಹದಿನಾರು ಟನ್ ಕಬ್ಬು.
ಪಕ್ಕದಲ್ಲಿ ನಾಲೆ, ಕಪ್ಪಗೆ ತನ್ನ ಪಾಡಿಗೆ.
ಚಕ್ರಕ್ಕೆ ಕಲ್ಲು ಕೊಟ್ಟು ಬಂದ ಕ್ಲೀನರ್ ಶಿವಮಾದು:
"ಅಣ್ಣ, ಇದ್ಕೆ ಗಾಳಿ ಮೆಟ್ಕಂಡದೆ ಕಣಣ್ಣ."
ಅವನು ಅಂದದ್ದು ಹುಣಸೆಮರದ ಗಾಳಿ.
ನಾನು ಎಣಿಸಿದ್ದು ಡೀಸೆಲ್ ಪೈಪಿನ ಗಾಳಿ.

ಇಪ್ಪತ್ತು ನಿಮಿಷ ಬಿಟ್ಟು ಸೆಲ್ಫ್ ಒತ್ತಿದರೆ
ಏನೂ ಆಗದವರಂತೆ ಎದ್ದು ಕೂರುತ್ತಿತ್ತು.
ಹಾಗೆ ಎರಡು ಸಲ ನಂಬಿದೆವು.
ಈ ಸಲ ಬರೀ ಸೆಲ್ಫಿನ ಗೋಳು,
ಬ್ಯಾಟರಿ ಇಳಿದೀತೆಂದು ಅದನ್ನೂ ನಿಲ್ಲಿಸಿದೆ.

ಮಳವಳ್ಳಿಯಿಂದ ಬುಡೇನ್ ಸಾಬರು ಬಂದರು,
ಟಿವಿಎಸ್ ಮೇಲೆ, ಗೋಣಿಚೀಲದ ತುಂಬ ಸ್ಪ್ಯಾನರು,
ಕಿವಿಗೆ ಮಫ್ಲರು, ಬಾಯಲ್ಲಿ ಅರ್ಧ ನಿದ್ದೆ.
ಯಾಕೆ ನಿಂತಿತು ಅಂತ ಕೇಳಲಿಲ್ಲ,
ಹೆಂಗೆ ನಿಂತಿತು ಅಂದರು.
ಬೇರೆ ಬೇರೆ ಪ್ರಶ್ನೆ ಇವು ಅಂತ
ಹದಿನೆಂಟು ವರ್ಷ ಸ್ಟೇರಿಂಗ್ ಹಿಡಿದ ಮೇಲೆ ತಿಳಿಯಿತು.

ಫಿಲ್ಟರ್ ಬಿಚ್ಚಿದರು. ಬಟ್ಟಲಲ್ಲಿ ನೀರಿಲ್ಲ, ಗಸಿಯಿಲ್ಲ.
ಬೆರಳದ್ದಿ ಮೂಸಿದರು, ಬೆರಕೆಯಿಲ್ಲ.
ಏರ್ ಸ್ಕ್ರೂ ಸಡಿಲಿಸಿ "ಹೊಡೀ" ಅಂದರು,
ಶಿವಮಾದು ಕೈಪಂಪು ಒತ್ತಿದ, ಒತ್ತಿದ.
ಎರಡು ಗುಳ್ಳೆ ಬಂದವು, ಆಮೇಲೆ ಅದೂ ಇಲ್ಲ.
ಪಂಪಿನ ಗುಂಡಿ ಬೆರಳ ಕೆಳಗಿಂದ
ಹಿಂದಕ್ಕೇ ಸರಿಯುತ್ತಿತ್ತು,
ಸಾಲ ಕೊಡಲೊಲ್ಲದವನ ಕೈಯಂತೆ.

ಸಾಬರು ಪೈಪು ಕಳಚಿ ಬಾಯಿಗಿಟ್ಟು
ಟ್ಯಾಂಕಿನೊಳಕ್ಕೆ ಊದಿದರು. ಬಳಬಳ ಸದ್ದು.
ಡೀಸೆಲ್ ಉಗುಳಿ, ಮೀಸೆ ಒರೆಸಿಕೊಂಡು,
ಟಾರ್ಚು ಟ್ಯಾಂಕಿನ ಮೈಮೇಲೆ ಆಡಿಸಿದರು.
ತಗಡಿನ ಹೊಟ್ಟೆ ಒಳಕ್ಕೆ ಎಳೆದುಕೊಂಡಿತ್ತು,
ಉಪವಾಸದ ಎತ್ತಿನ ಪಕ್ಕೆಯಂತೆ.
"ಮುಚ್ಚಳ ಹೊಸದಾ?"

ಹೊಸದು.
ಹೋದ ವಾರ ಜವರಪ್ಪನವರು ಹಾಕಿಸಿದ್ದು,
ಬನ್ನಿಮಂಟಪದಿಂದ ತಂದು, ಬೀಗ ಸಮೇತ.
ಬೀಗದ ಕೈ ಮೈಸೂರಿನಲ್ಲಿ, ಅವರ ಉಡಿದಾರದಲ್ಲಿ.
"ಕಾಲ ಕೆಟ್ಟೋಗದೆ ಚೆಲುವಯ್ಯ" ಅಂದಿದ್ದರು
ನನ್ನ ಮುಖ ಬಿಟ್ಟು ಬೇರೆಲ್ಲ ನೋಡುತ್ತ.

ಐದು ಲೀಟರು. ಭಾವನ ಟಿಲ್ಲರಿಗೆ.
ಹೋದ ಸುಗ್ಗಿಯಲ್ಲಿ, ಒಂದೇ ಸಲ.
ಯಾರೂ ಕೇಳಿರಲಿಲ್ಲ, ನಾನೂ ಹೇಳಿರಲಿಲ್ಲ.

"ಹಳೇದ್ರಲ್ಲಿ ಸೂಜಿಮೊನೆಯಷ್ಟು ತೂತಿರ್ತದೆ,"
ಸಾಬರು ಚೀಲದಲ್ಲಿ ಮೊಳೆ ಹುಡುಕುತ್ತ ಹೇಳಿದರು,
"ಎಣ್ಣೆ ಎಷ್ಟು ಹೋಯ್ತೋ ಅಷ್ಟು ಗಾಳಿ ಒಳಗೆ ಬರಬೇಕು.
ಬರದಿದ್ರೆ ಟ್ಯಾಂಕು ಎಣ್ಣೇನ ಅವುಚ್ಕೊಂಡು ಕೂತ್ಕತದೆ.
ಪೈಪಿಗೆ ಗಾಳಿ ಹೊಕ್ಕರೂ ಗಾಡಿ ಸಾಯ್ತದೆ,
ಟ್ಯಾಂಕಿಗೆ ಸಿಗದಿದ್ರೂ ಸಾಯ್ತದೆ.
ಎಲ್ಲಿಗೆ ಹೋಗಬೇಕೋ ಅಲ್ಲಿಗೆ ಹೋಗಬೇಕು ಅಷ್ಟೆ."
ನಾನು ತಲೆಯಾಡಿಸಿದೆ.
ಶಿವಮಾದು ಹುಣಸೆಮರ ನೋಡಿದ.

ಮುಚ್ಚಳದ ನೆತ್ತಿಗೆ ಮೊಳೆಯಿಟ್ಟು ಎರಡೇ ಪೆಟ್ಟು.
ಮುಳುಗಿದ್ದವನು ನೀರಿಂದ ಮೇಲೆದ್ದಂತೆ
ಟ್ಯಾಂಕು ಉಸಿರೆಳೆಯಿತು,
ಉದ್ದಕ್ಕೆ, ಸುಯ್ಯೆಂದು, ನಾವು ಮೂವರೂ ಸುಮ್ಮನಾಗುವಷ್ಟು ಹೊತ್ತು.
ಆಮೇಲೆ ಡುಬ್ಬೆಂದು ಹೊಟ್ಟೆ ಹೊರಕ್ಕೆ ಬಂತು.
ಮತ್ತೆ ಪಂಪು ಹೊಡೆದು, ಗುಳ್ಳೆಗಳೆಲ್ಲ ಮುಗಿದು
ಡೀಸೆಲ್ ಎಳೆಯಾಗಿ ಹರಿದ ಮೇಲೆ ಸ್ಕ್ರೂ ಬಿಗಿದರು.
ಅರ್ಧ ಸೆಲ್ಫಿಗೇ ಎದ್ದಿತು.
ಮುನ್ನೂರು ರೂಪಾಯಿ, ಎರಡು ಜಲ್ಲೆ ಕಬ್ಬು.
ಟಿವಿಎಸ್‌ಗೆ ಕಬ್ಬು ಅಡ್ಡ ಕಟ್ಟಿಕೊಂಡು ಹೋದರು.

ದೊಡ್ಡಿಯ ಕಾರ್ಖಾನೆ ಮುಂದೆ ಬೆಳಗಿನ ಸಾಲು,
ನಮ್ಮ ಮುಂದೆ ನಲವತ್ತು ಗಾಡಿ.
ಜವರಪ್ಪನವರ ಫೋನು: "ಯಾಕಯ್ಯಾ ಲೇಟು?"
"ಮುಚ್ಚಳಕ್ಕೆ ತೂತು ಹೊಡೆಸ್ದೆ" ಅಂದೆ.
ಆ ಕಡೆ ಬರೀ ಉಸಿರು.
ಇಂಜಿನ್ ಓಡುತ್ತಲೇ ಇತ್ತು. ಇಳಿದು ಹೋಗಿ
ತೂತಿನ ಮೇಲೆ ಹೆಬ್ಬೆರಳು ಇಟ್ಟೆ.
ಎಳಗರು ಚೀಪಿದಷ್ಟು ಮೆಲ್ಲಗೆ
ಒಳಕ್ಕೆ ಎಳೆಯುತ್ತಿತ್ತು.

"ಚೆಲುವಯ್ಯ, ಲೈನಲ್ಲಿದ್ದೀಯಾ?"
ಬೆರಳು ತೆಗೆದೆ.
ಇದ್ದೀನಿ ಅಂದೆ.